ಹರಾಜುಗಾರನ ಕೊನೆಯ ಅಕ್ಷರ

ಕೇಬಲ್ಲು ತುಂಡಾಗಿ ಬಿದ್ದಿದ್ದನ್ನು ಮೊದಲು ಕಂಡವಳು ಪಿಎಚ್.ಡಿ. ಹುಡುಗಿ.

ಊಟ ಮುಗಿಸಿ, ತೊಳೆದ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಲೇ ಪ್ರಯೋಗಾಲಯದ ಪಕ್ಕದ ಕೋಣೆಯ ಬಾಗಿಲು ತಳ್ಳಿದಳು. ಹಾಸಿಗೆಯ ಮೇಲೆ ಹರಾಜುಗಾರ ಎಂದಿನಂತೆ ಮಲಗಿದ್ದ. ಉಸಿರಾಟದ ಯಂತ್ರ ಎಂದಿನಂತೆ ಉಸ್ಸೆನ್ನುತ್ತಿತ್ತು. ಆದರೆ ಅವನ ನೆತ್ತಿಯಿಂದ ಕಂಪ್ಯೂಟರಿನವರೆಗೆ ಹೋಗಬೇಕಿದ್ದ ಬೂದು ಬಣ್ಣದ ಕೇಬಲ್ಲು ನೆಲದ ಮೇಲಿತ್ತು—ಎರಡು ತುಂಡಾಗಿ.

"ಸರ್!" ಎಂದು ಅವಳು ಕೂಗಿದ ಕೂಗಿಗೆ ಇಡೀ ಮಹಡಿಯೇ ಓಡಿಬಂತು.

ಕೊನೆಗೆ ಬಂದವರು ಇನ್ಸ್‌ಪೆಕ್ಟ್ರಮ್ಮ. ಪೊಲೀಸ್ ಇಲಾಖೆಯಿಂದ ನಿವೃತ್ತಿಯಾಗಿ ವಿಶ್ವವಿದ್ಯಾಲಯದ ಭದ್ರತಾ ಅಧಿಕಾರಿಯಾಗಿ ಸೇರಿದ್ದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಹಾಸ್ಟೆಲಿನಲ್ಲಿ ಕಳುವಾದ ಸೈಕಲ್ಲು, ಪರೀಕ್ಷೆಯ ಹಾಲಿನ ಒಡೆದ ಗಾಜು—ಇಲ್ಲಿ ಅವರ ಕೆಲಸ ಅಷ್ಟೇ. ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ ತುಂಡುಗಳನ್ನು ನೋಡಿ ಕೇಳಿದರು:

"ಒಂದು ವೈರಿಗೆ ಇಷ್ಟು ಗಲಾಟೆಯಾ ಪ್ರೊಫೆಸರೇ? ಬೇರೆ ತರಿಸಿದ್ರಾಯ್ತಲ್ಲ?"

ಪ್ರೊಫೆಸರರ ಮುಖ ಸುಣ್ಣವಾಗಿತ್ತು. "ಅದು ಅಂಗಡೀಲಿ ಸಿಗೋ ವೈರಲ್ಲಮ್ಮ. ಅವರ ತಲೆಬುರುಡೆಯಲ್ಲಿ ಕೂರಿಸಿರೋ ಸಾಕೆಟ್ಟಿಗೆ ಅಂತಲೇ ಮಾಡಿಸಿದ್ದು. ಹೊರದೇಶದಿಂದ ಬರಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ."

"ಇನ್ನೊಂದು ಇಟ್ಕೊಂಡಿರಲಿಲ್ವಾ?"

"ಇದೇ ಆ ಇನ್ನೊಂದು. ಮೊದಲಿನದರ ಪಿನ್ನು ಮುರಿದುಹೋಯ್ತು."

"ಅಲ್ಲೀತನಕ ಇವರು?"

ಯಂತ್ರ ಮಾತ್ರ ಉಸ್ಸೆಂದಿತು.

ಹರಾಜುಗಾರ ಒಂದು ಕಾಲಕ್ಕೆ ತರಕಾರಿ ಮಾರುಕಟ್ಟೆಯ ದೊಡ್ಡ ಗಂಟಲು. ಅವನು ಬೆಲೆ ಕೂಗಿದರೆ ಲಾರಿ ನಿಲ್ಲುವ ಜಾಗದವರೆಗೂ ಕೇಳಿಸುತ್ತಿತ್ತಂತೆ. ಆಮೇಲೆ ನರಗಳನ್ನು ತಿನ್ನುವ ಕಾಯಿಲೆ ಬಂತು. ಮೊದಲು ಕೈ ಹೋಯಿತು, ಕಾಲು ಹೋಯಿತು, ದನಿ ಹೋಯಿತು. ಕಡೆಗೆ ರೆಪ್ಪೆಯೂ ಅವನ ಮಾತು ಕೇಳುವುದನ್ನು ಬಿಟ್ಟಿತು. ಒಳಗೆ ಬುದ್ಧಿ ಮಾತ್ರ ಹಾಗೇ ಇತ್ತು. ಆಗ ಪ್ರೊಫೆಸರರ ತಂಡ ಅವನ ಮಿದುಳಿನಲ್ಲಿ ಕೂದಲಿಗಿಂತ ಸಣ್ಣ ಸೂಜಿಗಳನ್ನು ಇಟ್ಟಿತು. ಮಾರುಕಟ್ಟೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಹಾಗೆ ಅವನು ಮನಸ್ಸಿನಲ್ಲೇ ಅಕ್ಷರ ಬರೆಯಬೇಕು. ಸೂಜಿಗಳು ಆ ಮಿಡಿತವನ್ನು ಹಿಡಿದು ಕೇಬಲ್ಲಿಗೆ ಕೊಡಬೇಕು, ಕಂಪ್ಯೂಟರು ಅದನ್ನು ಮಾತಾಗಿ ಪರದೆಯ ಮೇಲೆ ಮೂಡಿಸಬೇಕು. ಜಗತ್ತಿಗೂ ಅವನಿಗೂ ಉಳಿದಿದ್ದ ದಾರಿ ಅದೊಂದೇ.

"ಇವರಿಗೆ ಕಿವಿ ಕೇಳುತ್ತಾ?" ಇನ್ಸ್‌ಪೆಕ್ಟ್ರಮ್ಮ ಕೇಳಿದರು.

"ಚೆನ್ನಾಗಿ ಕೇಳುತ್ತೆ. ಈಗ ನಾವಾಡೋದೂ ಕೇಳ್ತಿದೆ."

"ಹಾಗಾದ್ರೆ ಕತ್ತರಿಸಿದ್ದು ಯಾರು ಅಂತ ಇವರಿಗೆ ಗೊತ್ತು."

ಎಲ್ಲರೂ ಹಾಸಿಗೆಯ ಕಡೆ ನೋಡಿದರು. ಅರೆ ತೆರೆದ ಕಣ್ಣುಗಳು ಗೋಡೆಯನ್ನು ನೋಡುತ್ತಿದ್ದವು. ಇದ್ದವನೊಬ್ಬ ಸಾಕ್ಷಿ. ಎಲ್ಲವನ್ನೂ ಕೇಳಿಸಿಕೊಂಡವನು. ಅವನನ್ನು ಒಂದು ಪ್ರಶ್ನೆ ಕೇಳುವ ಹಾಗಿಲ್ಲ! ಇಲಾಖೆಯಲ್ಲಿ ಬಾಯಿ ಬಿಡದ ಎಷ್ಟೋ ಮಂದಿಯನ್ನು ಇನ್ಸ್‌ಪೆಕ್ಟ್ರಮ್ಮ ನೋಡಿದ್ದರು. ಬಿಡಲಾಗದವನನ್ನು ನೋಡಿದ್ದು ಇದೇ ಮೊದಲು.

"ಕಂಪ್ಯೂಟರನ್ನ ಯಾರೂ ಮುಟ್ಟಬೇಡಿ. ಹೇಗಿದೆಯೋ ಹಾಗಿರಲಿ," ಎಂದರು. ಆಮೇಲೆ ಮಂಡಿಯೂರಿ ಕೂತು ನೆಲ ನೋಡಿದರು.

ಕೇಬಲ್ಲನ್ನು ಒಂದೇ ಪೆಟ್ಟಿಗೆ ಕತ್ತರಿಸಿರಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವಾಗ ಬಳಸುವ ಮೊಂಡು ಕತ್ತರಿಯಿಂದ ಹತ್ತಾರು ಸಲ ಕಚ್ಚಿ ಕಚ್ಚಿ ಹರಿದಿದ್ದರು. ಕತ್ತರಿ ಮೇಜಿನ ಮೇಲೇ ಇತ್ತು. ಕೇಬಲ್ಲಿನ ತುದಿಯ ಪ್ಲಗ್ಗಿಗೆ ಮಾತ್ರ ಒಂದು ಗೀರೂ ಇರಲಿಲ್ಲ. ಹರಾಜುಗಾರನ ನೆತ್ತಿಯ ಸಾಕೆಟ್ಟಿನ ಮೇಲೆ ಮುಚ್ಚಳ ಭದ್ರವಾಗಿ ಕೂತಿತ್ತು. ಕಸದ ಬುಟ್ಟಿಯಲ್ಲಿ ಹತ್ತಿಯ ಉಂಡೆ. ಮೂಸಿದರು. ಸ್ಪಿರಿಟ್ಟು.

"ಈ ಕಾರಿಡಾರಲ್ಲಿ ಕ್ಯಾಮೆರಾ ಇದೆಯಲ್ಲ?"

"ಇದೆ. ಕೆಟ್ಟಿದೆ," ಎಂದಳು ಹುಡುಗಿ. "ನಿಮ್ಮ ಆಫೀಸಿಗೇ ಎರಡು ಸಲ ಹೇಳಿದ್ವಿ ಮೇಡಂ."

ಇನ್ಸ್‌ಪೆಕ್ಟ್ರಮ್ಮ ಕೆಮ್ಮಿ, ಮಾತು ಬದಲಿಸಿದರು.

ಕಾರಿಡಾರಿನ ಗೋಡೆಯ ಮೇಲೆ ದೊಡ್ಡ ಭಿತ್ತಿಪತ್ರ ಇತ್ತು. ನಗುತ್ತಿರುವ ಪ್ರೊಫೆಸರು, ಹಾಸಿಗೆಯ ಮೇಲೆ ಹರಾಜುಗಾರ. ಕೆಳಗೆ ದಪ್ಪಕ್ಷರದಲ್ಲಿ ಅವನ ಮಾತು: 'ಸಾಕಷ್ಟು ಚೆನ್ನಾಗಿದ್ದೇನೆ.' ಅದರ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಒಬ್ಬೊಬ್ಬರನ್ನೇ ಕರೆದರು.

ಮೊದಲು ಪ್ರೊಫೆಸರು.

"ನಾಳೆ ಏನೋ ಇತ್ತಂತಲ್ಲ?"

"ಹೊರಗಿನ ಪರಿಣತರು ನೋಡೋಕೆ ಬರೋರಿದ್ರು. ಅವರ ಎದುರಿಗೆ ಪ್ರಯೋಗ."

"ಈಗ?"

"ಈಗೇನು? ನಿಂತುಹೋಯ್ತು."

"ಅದರಿಂದ ನಿಮಗೆ ನಷ್ಟವಾ, ಲಾಭವಾ?"

ಪ್ರೊಫೆಸರು ದುರುಗುಟ್ಟಿ ನೋಡಿದರು. "ಇದು ನನ್ನ ಜೀವಮಾನದ ಕೆಲಸಮ್ಮ! ನನ್ನ ಕೆಲಸಕ್ಕೆ ನಾನೇ ಕತ್ತರಿ ಹಾಕ್ತೀನಾ?"

"ಊಟದ ಹೊತ್ತಲ್ಲಿ ಎಲ್ಲಿದ್ರಿ?"

"ನನ್ನ ಕೋಣೇಲಿ. ಒಬ್ಬನೇ."

ಆಮೇಲೆ ಹುಡುಗಿ. ಅವಳ ಕಣ್ಣು ಅತ್ತು ಊದಿತ್ತು.

"ಬೆಳಿಗ್ಗೆ ನಿನಗೂ ನಿಮ್ಮ ಸರ್‌ಗೂ ಜಗಳ ಆಯ್ತಂತೆ. ಕಾರಿಡಾರಿಗೆಲ್ಲಾ ಕೇಳಿಸ್ತಂತೆ. ಯಾತಕ್ಕೆ?"

"ಊಹೆ ವಿಷಯಕ್ಕೆ ಮೇಡಂ."

"ಯಾವ ಊಹೆ?"

"ಮೊಬೈಲಲ್ಲಿ ನೀವು ಎರಡಕ್ಷರ ಒತ್ತಿದ್ರೆ ಅದೇ ಪದ ಪೂರ್ತಿ ಮಾಡುತ್ತಲ್ಲ? ಹಾಗೆ. ಅಂಕಲ್ ಒಂದು ಅಕ್ಷರ ಬರೆಯೋಕೆ ತುಂಬಾ ಹೊತ್ತು ಬೇಕು. ಅದಕ್ಕೆ ಮೊದಲೆರಡು ಅಕ್ಷರ ನೋಡಿ ಕಂಪ್ಯೂಟರೇ ವಾಕ್ಯ ಮುಗಿಸುತ್ತೆ. ನಾಳೆ ಬರೋರು ಅದು ಬೇಡ ಅಂದಿದ್ರು. ಊಹೆ ತೆಗೆದುಹಾಕಿ, ಬರೀ ಅಕ್ಷರ ತೋರಿಸಿ ಅಂತ."

"ತೋರಿಸಿದ್ರೆ ಏನಾಗ್ತಿತ್ತು?"

ಹುಡುಗಿ ತಲೆ ತಗ್ಗಿಸಿದಳು. ಬೆರಳಿನ ಉಗುರು ಕಚ್ಚಿದಳು.

"ಹೇಳಮ್ಮ."

"ನಾನು ಹಳೇ ಅಕ್ಷರಗಳನ್ನೆಲ್ಲಾ ತೆಗೆದು ನೋಡ್ದೆ ಮೇಡಂ. ಅಂಕಲ್ 'ಸಾಕಷ್ಟು ಚೆನ್ನಾಗಿದ್ದೇನೆ' ಅಂತ ಯಾವತ್ತೂ ಬರೆದೇ ಇಲ್ಲ. ಅವರು ಬರೆದಿದ್ದು 'ಸಾಕು'. ಅಷ್ಟೇ. ಕೊನೇ ಕೊಂಬನ್ನ ತಪ್ಪು ಅಂತ ಬಿಟ್ಟು, ಮುಂದಿನದೆಲ್ಲಾ ಕಂಪ್ಯೂಟರ್ ಸೇರಿಸಿದ್ದು."

ಇನ್ಸ್‌ಪೆಕ್ಟ್ರಮ್ಮನಿಗೆ ತಲೆಯ ಮೇಲಿನ ಭಿತ್ತಿಪತ್ರದ ಕಡೆ ತಿರುಗಿ ನೋಡುವ ಧೈರ್ಯ ತಕ್ಷಣಕ್ಕೆ ಬರಲಿಲ್ಲ.

"ಒಂದು ಸಲವಾ?"

"ಎಷ್ಟೋ ಸಲ. ಪ್ರತಿ ಸಲವೂ ಮೂರು ಮೂರು ಬಾರಿ. ಸಾಕು, ಸಾಕು, ಸಾಕು. ಸರ್‌ಗೆ ಹೇಳಿದ್ರೆ, ಒಂದೇ ಪದ ಮತ್ತೆ ಮತ್ತೆ ಬಂದ್ರೆ ಅದು ಮಾತಲ್ಲ, ಸಿಗ್ನಲ್ಲು ಸಿಕ್ಕಿಹಾಕ್ಕೊಂಡಿರೋದು ಅಂದ್ರು. ಅಂಥದ್ದನ್ನ ಕಂಪ್ಯೂಟರ್ ತಾನೇ ಅಳಿಸಿಹಾಕುತ್ತೆ. ಹಾಗೆ ಹೇಳಿಕೊಟ್ಟಿದ್ದೂ ನಾವೇ."

"ನಿನಗೆ ನಿಮ್ಮ ಸರ್ ಮೇಲೆ ಕೋಪ ಇರಬೇಕು."

"ಇದೆ. ಆದ್ರೆ ಕೇಬಲ್ ಕತ್ತರಿಸೋ ಅಷ್ಟು ದಡ್ಡಿಯಲ್ಲ ಮೇಡಂ. ಪ್ಲಗ್ಗಿನ ಒಂದು ಪಿನ್ನು ಬಗ್ಗಿಸಿದ್ರೆ ಯಾರಿಗೂ ಗೊತ್ತಾಗದ ಹಾಗೆ ಎಲ್ಲಾ ಕೆಡುತ್ತೆ. ಅದಕ್ಕಿಂತ ದೊಡ್ಡದು... ನಾಳೆ ಊಹೆ ತೆಗೆದು ನೋಡಬೇಕು ಅಂತ ಕಾದಿದ್ದವಳೇ ನಾನು."

ಮೂರನೆಯವನು ಹರಾಜುಗಾರನ ತಮ್ಮ. ಅಣ್ಣನ ಜಾಗದಲ್ಲಿ ಈಗ ಮಾರುಕಟ್ಟೆಯಲ್ಲಿ ಕೂಗುವವನು ಅವನೇ. ಕೂತಲ್ಲಿ ಕೂರಲಾರ, ದನಿ ತಗ್ಗಿಸಲಾರ.

"ನೀವು ಪ್ರೊಫೆಸರಿಗೆ ಬೆದರಿಕೆ ಹಾಕಿದ್ರಂತೆ?"

"ಹಾಕ್ದೆ! ನಮ್ಮಣ್ಣನ್ನ ಮನೆಗೆ ಕಳಿಸಿ ಅಂದೆ. ಎಷ್ಟು ದಿನ ಅಂತ ಇಲ್ಲಿ ಬೊಂಬೆ ಥರ ಮಲಗಿಸ್ಕೊಂಡಿರ್ತಾರೆ? ಅವನು ಚೆನ್ನಾಗಿದ್ದೀನಿ ಅಂತಾನಲ್ಲ ಅಂದ್ರು ಇವರು. ನಮ್ಮಣ್ಣ ಅಂಥ ಮಾತಾಡೋನೇ ಅಲ್ಲ!"

"ಊಟದ ಹೊತ್ತಿನಲ್ಲಿ ಇಲ್ಲೇ ಇದ್ರಂತೆ?"

"ಕೆಳಗೆ, ಮೆಟ್ಟಿಲ ಹತ್ರ ಇದ್ದೆ. ಮೇಲೆ ಬಂದ್ರೂ ಆ ಕೋಣೆ ಒಳಗೆ ಕಾಲಿಡಲ್ಲ ಕಣಮ್ಮ. ಬಾಗಿಲಲ್ಲೇ ನಿಲ್ತೀನಿ. ಆ ತಲೆ, ಆ ತೂತು... ನೋಡಿದ್ರೆ ಜೀವ ಝಲ್ ಅನ್ನುತ್ತೆ. ನಾಚಿಕೆಯಿಲ್ಲದೆ ಹೇಳ್ತಿದ್ದೀನಿ, ಮುಟ್ಟೋಕೂ ಭಯ ನಂಗೆ."

"ನಿಮ್ಮಣ್ಣ ಒಂದು ಮಾತನ್ನ ಮೂರು ಸಲ ಹೇಳೋ ಅಭ್ಯಾಸ ಇತ್ತಾ?"

ಅವನು ನಕ್ಕೇಬಿಟ್ಟ. "ಹರಾಜು ಅಂದ್ರೆ ಮತ್ತೇನಮ್ಮ? ಒಂದು ಸಲ, ಎರಡು ಸಲ, ಮೂರು ಸಲ. ಮೂರನೇದು ಬಾಯಿಂದ ಬಿತ್ತೋ, ಮುಗೀತು. ಬ್ರಹ್ಮ ಬಂದ್ರೂ ಬದಲಿಲ್ಲ. ಮನೇಲೂ ಹಾಗೇನೇ. 'ಬೇಡ, ಬೇಡ, ಬೇಡ' ಅಂದ್ರೆ ಅತ್ತಿಗೆ ಕೂಡ ಎದುರಾಡ್ತಿರಲಿಲ್ಲ. ಯಾಕೆ ಕೇಳಿದ್ರಿ?"

ಇನ್ಸ್‌ಪೆಕ್ಟ್ರಮ್ಮ ಯಾಕೆಂದು ಹೇಳಲಿಲ್ಲ. ಅವನ ನಗುವನ್ನು ಅಷ್ಟು ಬೇಗ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ.

ಹರಾಜುಗಾರನನ್ನು ನೋಡಿಕೊಳ್ಳುವ ನರ್ಸು ಒಂದೆರಡು ಮಾತಿನಲ್ಲಿ ಮುಗಿಸಿದಳು. ಹೊಸ ಆಹಾರದ ನಳಿಕೆ ತರಲು ಔಷಧಿ ಉಗ್ರಾಣಕ್ಕೆ ಹೋಗಿದ್ದಳು. ಹೋಗುವ ಮೊದಲು ಎಲ್ಲವನ್ನೂ ಸರಿಯಾಗಿ ನೋಡಿದ್ದಳು.

"ಹೇಗೆ ಮಲಗಿಸಿ ಹೋಗಿದ್ದೆ?"

"ಬಲಮಗ್ಗುಲಿಗೆ. ಬೆನ್ನಿಗೆ ಸ್ಪಂಜಿನ ಒರಗು ಕೊಟ್ಟು. ದಿನಾ ಮಾಡೋದೇ ಅಲ್ವಾ?"

ಕೊನೆಗೆ ಹೆಂಡತಿ. ಸಣ್ಣ ದೇಹದ, ಒಪ್ಪವಾಗಿ ತಲೆ ಬಾಚಿಕೊಂಡ ಹೆಂಗಸು. ಗಂಡನ ಆರೈಕೆ ಮಾಡುತ್ತಾ ಈ ಕಟ್ಟಡದಲ್ಲೇ ಎರಡು ವರ್ಷ ಕಳೆದವಳು. ಕೈಯಲ್ಲಿ ಕರವಸ್ತ್ರವನ್ನು ಹಿಂಡುತ್ತಾ ಕೂತಳು.

"ಊಟದ ಹೊತ್ತಲ್ಲಿ ಎಲ್ಲಿದ್ರಿ ಅಮ್ಮ?"

"ಕ್ಯಾಂಟೀನಲ್ಲಿ."

"ಏನು ತಿಂದ್ರಿ?"

"ಏನೋ... ಇದ್ದದ್ದು ತಿಂದೆ."

"ಮಷೀನು ಬಂದ ಮೇಲೆ ಇವರು ನಿಮ್ಮ ಜತೆ ಮಾತಾಡ್ತಿದ್ರಾ?"

ಆಕೆಯ ಮುಖ ಒಂದು ಗಳಿಗೆ ಅರಳಿತು. "ದಿನಾ. ಮದುವೆಯಾಗಿ ಇಷ್ಟು ವರ್ಷ, ಉಂಡ್ಯಾ ಬಿಟ್ಯಾ ಅಂತ ಒಂದು ದಿನ ಕೇಳಿದೋರಲ್ಲ. ಈಗ ನೋಡಿ, 'ನೀವು ಊಟ ಮಾಡಿದಿರಾ?' ಅಂತಿದ್ರು. ನನಗೆ 'ನೀವು'!"

"ಮೊದಲು ಏನಂತಿದ್ರು?"

"'ಏಯ್' ಅಂತಿದ್ರು. ಬಹಳ ಖುಷಿಯಾಗಿದ್ರೆ 'ಏಯ್ ಇವಳೇ'." ಆಕೆ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. "ಕಾಯಿಲೆ ಮನುಷ್ಯನ್ನ ಮೆತ್ತಗೆ ಮಾಡುತ್ತೆ ಅಂತಾರಲ್ಲ ಮೇಡಂ, ಹಾಗೆ ಇರಬೇಕು ಅಂದ್ಕೊಂಡೆ."

"ಬೆಳಿಗ್ಗೆ ಪ್ರೊಫೆಸರೂ ಆ ಹುಡುಗೀನೂ ಜಗಳ ಆಡ್ತಿದ್ದಾಗ ಈ ಕಾರಿಡಾರಲ್ಲೇ ಇದ್ರಾ?"

"ಇದ್ದೆ."

ಆಕೆ ಕರವಸ್ತ್ರವನ್ನು ಮಡಿಸಿಕೊಂಡು ಎದ್ದಳು.

ಇನ್ಸ್‌ಪೆಕ್ಟ್ರಮ್ಮ ಎದ್ದು ಒಬ್ಬರೇ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡು, ಈ ಸಲ ನೆಲವನ್ನು ನೋಡದೆ ಹಾಸಿಗೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಹುಡುಗರು ಬ್ಯಾಡ್ಮಿಂಟನ್ ಆಡುತ್ತಿದ್ದರು. ಕಳ್ಳ ಸಿಕ್ಕಾಗ ಇಲಾಖೆಯಲ್ಲಿ ಒಂದು ಗಳಿಗೆಯೂ ತಡಮಾಡುತ್ತಿರಲಿಲ್ಲ. ಇವತ್ತು ಒಂದು ಆಟ ಮುಗಿಯುವವರೆಗೂ ಅದನ್ನೇ ನೋಡಿದರು.

ಎಲ್ಲರನ್ನೂ ಅಲ್ಲಿಗೇ ಕರೆಸಿದರು.

"ನನ್ನ ಕೋಣೇಲಿ ಮಾತಾಡೋಣ," ಎಂದರು ಪ್ರೊಫೆಸರು. "ರೋಗಿಯ ಮುಂದೆ ಯಾಕೆ?"

"ಕಳಕೊಂಡವರು ಅವರು. ಅವರಿಗೂ ಕೇಳಿಸಲಿ."

ಹುಡುಗಿ ಕಂಪ್ಯೂಟರಿನ ಪಕ್ಕ ನಿಂತಳು. ನರ್ಸು ಔಷಧಿಯ ಮೇಜಿಗೆ ಒರಗಿದಳು. ತಮ್ಮ ಬಾಗಿಲ ಚೌಕಟ್ಟಿನಲ್ಲೇ ನಿಂತ. ಹೆಂಡತಿ ಹಾಸಿಗೆಯ ಕಾಲ ಬುಡದಲ್ಲಿ.

"ಇಲ್ಲಿ ಕೆಲಸ ಮಾಡೋರು ಯಾರೂ ಹೀಗೆ ಕತ್ತರಿಸ್ತಿರಲಿಲ್ಲ," ಇನ್ಸ್‌ಪೆಕ್ಟ್ರಮ್ಮ ಶುರು ಮಾಡಿದರು. "ಪ್ರೊಫೆಸರಿಗಾಗಲಿ ಈ ಹುಡುಗಿಗಾಗಲಿ ಸದ್ದಿಲ್ಲದೆ ಕೆಡಿಸೋ ದಾರಿ ಬೇಕಾದಷ್ಟಿವೆ. ಮೊಂಡು ಕತ್ತರೀಲಿ ಜಗ್ಗಾಡಿದೋರಿಗೆ ಕಂಪ್ಯೂಟರಿನ ಒಳಹೊರಗು ಗೊತ್ತಿಲ್ಲ. ಮಾತು ಬರೋದು ಈ ವೈರಿನಿಂದ, ವೈರು ಹೋದ್ರೆ ಮಾತು ಹೋಗುತ್ತೆ—ಅಷ್ಟೇ ಗೊತ್ತು."

"ಅಂದ್ರೆ ನಾನಾ?" ತಮ್ಮ ಗುಡುಗಿದ.

"ಸುಮ್ನಿರಿ. ಕತ್ತರಿಸೋ ಮುಂಚೆ ಅವರು ಪ್ಲಗ್ಗನ್ನ ತಲೆಯಿಂದ ಮೆಲ್ಲಗೆ ಬಿಡಿಸಿದ್ದಾರೆ. ಸಾಕೆಟ್ಟನ್ನ ಸ್ಪಿರಿಟ್ಟಲ್ಲಿ ಒರೆಸಿ ಮುಚ್ಚಳ ಹಾಕಿದ್ದಾರೆ. ಅಷ್ಟು ಕೋಪದಲ್ಲೂ ಇವರಿಗೆ ನಂಜಾಗಬಾರದು ಅನ್ನೋ ಎಚ್ಚರ ಇತ್ತು. ನೀವು ಮುಟ್ಟೋಕೇ ಹೆದರೋರು."

"ಮತ್ತೆ?"

"ಮಧ್ಯಾಹ್ನದಿಂದ ನಾವೆಲ್ಲಾ ನೆಲದ ಮೇಲಿದ್ದ ಕೇಬಲ್ಲು ನೋಡ್ತಿದ್ವಿ. ಯಾರೂ ಇವರನ್ನ ಸರಿಯಾಗಿ ನೋಡಲಿಲ್ಲ. ನಾನೂ ನೋಡಲಿಲ್ಲ." ಇನ್ಸ್‌ಪೆಕ್ಟ್ರಮ್ಮ ನರ್ಸಿನ ಕಡೆ ತಿರುಗಿದರು. "ನೀನು ಇವರನ್ನ ಬಲಮಗ್ಗುಲಿಗೆ ಮಲಗಿಸಿದ್ದೆ ಅಂದೆ. ಈಗ ಹೇಗಿದ್ದಾರೆ?"

ನರ್ಸು ಹಾಸಿಗೆ ನೋಡಿದಳು. ಕೈ ಬಾಯಿಗೆ ಹೋಯಿತು. "ಎಡಮಗ್ಗುಲು..."

"ನಿನ್ನ ಸ್ಪಂಜಿನ ಒರಗು ಎಲ್ಲಿ?"

"ಕುರ್ಚಿ ಮೇಲಿದೆ."

"ಅದರ ಬದಲು ಬೆನ್ನಿಗೆ ಮಡಿಸಿದ ಹೊದಿಕೆ ಇದೆ. ಮೊಣಕಾಲಿನ ನಡುವೆ ಟವೆಲ್ಲು. ಕೇಬಲ್ಲು ಕತ್ತರಿಸಿದ ಮೇಲೂ ಆ ಮನುಷ್ಯರಿಗೆ ಹಾಗೇ ಬಿಟ್ಟುಹೋಗೋಕೆ ಆಗಲಿಲ್ಲ. ಒಂದೇ ಮಗ್ಗುಲಲ್ಲಿದ್ರೆ ಮೈ ನೋಯುತ್ತೆ ಅಂತ ತಿರುಗಿಸಿ ಮಲಗಿಸಿ ಹೋದ್ರು. ನರ್ಸು ಬಿಟ್ರೆ ಅದನ್ನ ಒಬ್ಬರೇ ಮಾಡಬಲ್ಲೋರು ಈ ಕಟ್ಟಡದಲ್ಲಿ ಇನ್ನೊಬ್ಬರೇ."

ಯಾರೂ ಹೆಸರು ಹೇಳಬೇಕಾಗಲಿಲ್ಲ. ಹೆಂಡತಿ ಗಂಡನ ಪಾದದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಅತ್ತಿಗೇ?" ತಮ್ಮನ ದನಿ ಮೊದಲ ಸಲ ತಗ್ಗಿತ್ತು. "ನೀವಾ? ಅವನ ಬಾಯಿ ಕಟ್ಟಿದ್ದು ನೀವಾ?"

"ನಾನೇ," ಎಂದಳು ಆಕೆ.

ಆಮೇಲೆ, ಯಾರೂ ಕೇಳದೆ, ತಾನೇ ಹೇಳತೊಡಗಿದಳು.

"ಬೆಳಿಗ್ಗೆ ಇವರಿಬ್ಬರೂ ಕೂಗಾಡಿದ್ದು ಕೇಳಿಸ್ಕೊಂಡೆ. ಎಲ್ಲಾ ಮಷೀನಿನ ಊಹೆ ಅಂತ ಗೊತ್ತಾಯ್ತು. ಊಟ ಆಯ್ತಾ ಅಂತ ದಿನಾ ಕೇಳ್ತಿದ್ದದ್ದು ಇವರಲ್ಲ. ನನಗೇನು ಅನುಮಾನ ಇರಲಿಲ್ಲ ಅಂತಲ್ಲ ಮೇಡಂ. ಇತ್ತು. ಇಷ್ಟು ವರ್ಷ ಬಾಳಿದೋಳಿಗೆ ಗಂಡನ ಮಾತು ಯಾವುದು ಅಂತ ಗೊತ್ತಾಗಲ್ವಾ? ಆದ್ರೂ... ಕೇಳೋಕೆ ಚೆನ್ನಾಗಿತ್ತು."

"ಕ್ಯಾಂಟೀನಿಗೆ ಹೋಗಲಿಲ್ಲ?"

"ಇಲ್ಲ. ಎಲ್ಲರೂ ಹೋದ ಮೇಲೆ ಇಲ್ಲಿಗೆ ಬಂದೆ. ಪರದೆ ಮೇಲೆ ಊಹೆ ಅಂತ ಒಂದು ಚೌಕ ಇದೆ, ಅದನ್ನ ಒತ್ತಿ ತೆಗೆದೆ. ಈ ಹುಡುಗಿ ಒತ್ತೋದು ಎಷ್ಟು ಸಲ ನೋಡಿಲ್ಲ ನಾನು? ತೆಗೆದು, ಕೇಳ್ದೆ. ಏನ್ರೀ, ಹೇಗಿದ್ದೀರಿ ಅಂತ. ಅಕ್ಷರ ಒಂದೊಂದೇ ಬಂತು. ಸಾಕು. ಮತ್ತೆ ಸಾಕು. ಮೂರನೇದೂ ಬಂತು."

ತಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಮೂರು ಸಲದ ಪ್ರಶ್ನೆ ಯಾಕೆಂದು ಅವನಿಗೆ ಈಗ ಗೊತ್ತಾಗಿತ್ತು.

"ಆಮೇಲೆ?" ಇನ್ಸ್‌ಪೆಕ್ಟ್ರಮ್ಮ ಕೇಳಿದರು.

"ಏನು ಸಾಕು ಅಂತ ಕೇಳ್ದೆ. ಈ ಮಷೀನು ಸಾಕಾ? ಈ ಜೀವ ಸಾಕಾ? ಇಲ್ಲಾ... ನಾನು ಸಾಕಾ ಅಂತ. ಕೇಳಿಬಿಟ್ಟೆ, ಉತ್ತರ ನೋಡೋಕೆ ಧೈರ್ಯ ಬರಲಿಲ್ಲ. ಪರದೆಗೆ ಬೆನ್ನು ಮಾಡಿ ನಿಂತೆ. ನಾಳೆ ಬರೋರ ಎದುರಿಗೂ ಅದನ್ನೇ ಬರೀತಾರೆ. ಎಲ್ಲರೂ ಓದ್ತಾರೆ. ಪ್ಲಗ್ಗು ಬಿಚ್ಚಿದೆ. ಕತ್ತರಿ ಕೈಗೆ ಸಿಕ್ತು. ಅಷ್ಟೇ ಮೇಡಂ. ಉತ್ತರ ಬರೋಕೆ ಬಿಡಲಿಲ್ಲ ನಾನು."

ಪ್ರೊಫೆಸರು ಕುರ್ಚಿಯಲ್ಲಿದ್ದ ಒರಗನ್ನು ಸರಿಸದೆಯೇ ಅದರ ಮೇಲೆ ಕುಸಿದು ಕೂತರು. "ಸಿಗ್ನಲ್ಲಿನ ದೋಷ ಅಂದ್ಕೊಂಡೆ," ಎಂದು ಗೊಣಗಿದರು. ಯಾರಿಗೆ ಹೇಳುತ್ತಿದ್ದರೋ!

ಇನ್ಸ್‌ಪೆಕ್ಟ್ರಮ್ಮ ಹುಡುಗಿಯ ಕಡೆ ನೋಡಿದರು. "ಅಮ್ಮ ಹೇಳಿದ್ದು ನಿಜ ಅಂತ ಕಂಪ್ಯೂಟರಲ್ಲಿ ಗೊತ್ತಾಗುತ್ತಾ? ಈಗ ತೆಗಿ."

ಹುಡುಗಿ ಕೀಲಿಗಳನ್ನು ಒತ್ತಿದಳು. ಮಧ್ಯಾಹ್ನದಿಂದ ಆರಿದ್ದ ಪರದೆಯ ಮೇಲೆ ಸಾಲು ಮೂಡಿತು. ಊಹೆಯಿಲ್ಲದ ಬರೀ ಅಕ್ಷರ. ಸಾಕು. ಸಾಕು. ಸಾಕು. ಅವಳು ಇನ್ನೂ ಕೆಳಗೆ ಸರಿಸಿದಳು. ಥಟ್ಟನೆ ಅವಳ ಕೈ ನಿಂತಿತು.

"ಏನಮ್ಮ?"

"ಇನ್ನೊಂದು ಅಕ್ಷರ ಇದೆ ಮೇಡಂ. ಪ್ಲಗ್ಗು ಬಿಚ್ಚೋಕೆ ಮುಂಚೆ ಬಂದಿದ್ದು."

"ಯಾವುದು?"

ಹುಡುಗಿ ಹೆಂಡತಿಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಓದಿದಳು.

"ನಿ."



"ಉತ್ತರ... ಶುರು ಆಗಿತ್ತಾ?" ಹೆಂಡತಿ ಕೇಳಿದಳು. "ನಿ ಅಂದ್ರೆ?"

"ನಿಲ್ಸು ಅಂತ!" ತಮ್ಮ ಬಿಕ್ಕಿದ. "ನಿಲ್ಸು ಅಂತಲೇ. ಇನ್ನೇನಿರುತ್ತೆ?"

"ನಿನ್ನಿಂದಲ್ಲ ಅಂತ ಇರಬಹುದಲ್ವಾ ಆಂಟಿ?" ಹುಡುಗಿಯ ದನಿ ಅಳುವಿನ ಅಂಚಿನಲ್ಲಿತ್ತು. "ನಾನು ಸಾಕಾ ಅಂತ ಕೇಳಿದ್ರಲ್ಲ. ನಿನ್ನಿಂದಲ್ಲ ಅಂತ..."

"ನಿನ್ನಿಂದಲೇ ಅಂತಾನೂ ಇರಬಹುದು," ಎಂದಳು ಹೆಂಡತಿ.

"ನಿದ್ದೆ ಅಂತಿರಬಹುದು," ಎಂದಳು ನರ್ಸು. "ಕಣ್ಣಿಗೆ ಸರಿಯಾಗಿ ನಿದ್ದೆಯಿಲ್ಲ ಇವರಿಗೆ."

ಇಷ್ಟೂ ಮಾತು ನಡೆದದ್ದು ಅವನ ತಲೆಯ ಮೇಲೆಯೇ. ಆ ಅಕ್ಷರದ ಮುಂದಿನದು ಗೊತ್ತಿದ್ದವನು ಅವನೊಬ್ಬನೇ. ಮಲಗಿದ್ದ. ಕೇಳಿಸಿಕೊಳ್ಳುತ್ತಿದ್ದ. ತಮ್ಮ ತಮ್ಮ ಮನಸ್ಸಿಗೆ ಬಂದ ಹಾಗೆ ಅವನ ಮಾತನ್ನು ಅವರು ಮುಗಿಸುತ್ತಿದ್ದರು.

"ಬಾಯಿ ಮುಚ್ಚಿ ಎಲ್ಲರೂ," ಇನ್ಸ್‌ಪೆಕ್ಟ್ರಮ್ಮ ಗದರಿದರು. ಗದರಿಕೆ ಅವರ ಕಿವಿಗೇ ಬೇಡಿಕೊಂಡ ಹಾಗೆ ಕೇಳಿಸಿತು.

ವಿಶ್ವವಿದ್ಯಾಲಯ ಪೊಲೀಸರಿಗೆ ದೂರು ಕೊಡಲಿಲ್ಲ. ಕೊಟ್ಟಿದ್ದರೆ, ಸಾಕು ಎಂದವನನ್ನು ಮಲಗಿಸಿಕೊಂಡಿದ್ದು ಯಾಕೆ ಎಂಬ ಪ್ರಶ್ನೆ ತಿರುಗಿ ಬರುತ್ತಿತ್ತು. ವಿಚಾರಣೆಗೆ ಸಮಿತಿಯೊಂದು ಕೂತಿತು. ಸಮಿತಿಗೆ ಬೇಕಾಗಿದ್ದುದೂ ಹರಾಜುಗಾರನ ಹೇಳಿಕೆಯೇ. ಪ್ರಯೋಗ ಬೇಡವೆಂದನೋ, ಚಿಕಿತ್ಸೆಯೇ ಬೇಡವೆಂದನೋ? ಉಸಿರಾಟದ ಯಂತ್ರವನ್ನು ಅವನು ಏನು ಮಾಡಿ ಅನ್ನುತ್ತಾನೆ? ಕೇಳದೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಕೇಳುವ ದಾರಿ ಇರಲಿಲ್ಲ. ಭಿತ್ತಿಪತ್ರವನ್ನು ಯಾರೋ ಸದ್ದಿಲ್ಲದೆ ತೆಗೆದರು. ಗೋಡೆಯ ಮೇಲೆ ಅಂಟಿನ ಗುರುತು ಉಳಿಯಿತು.

ಹೆಂಡತಿಯನ್ನು ಕೋಣೆಗೆ ಬಿಡಬಾರದು ಎಂದರು ಒಂದಿಬ್ಬರು. "ಹಾಗಾದ್ರೆ ನೀವು ಬಂದು ತಿರುಗಿಸಿ ಮಲಗಿಸಿ," ಎಂದರು ಇನ್ಸ್‌ಪೆಕ್ಟ್ರಮ್ಮ. ಆ ಮಾತು ಅಲ್ಲಿಗೇ ನಿಂತಿತು.

ಹೊಸ ಕೇಬಲ್ಲು ಬರುವ ಹೊತ್ತಿಗೆ ಕಿಟಕಿಯಾಚೆಯ ಮರಗಳು ಎಲೆಯುದುರಿಸಿ ಮತ್ತೆ ಚಿಗುರಿದ್ದವು. ಇನ್ಸ್‌ಪೆಕ್ಟ್ರಮ್ಮನಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದರು. ಹುಡುಗಿ ಪ್ಲಗ್ಗು ಕೂರಿಸಿದಳು. ಊಹೆಯ ಚೌಕವನ್ನು ಎಲ್ಲರಿಗೂ ಕಾಣುವ ಹಾಗೆ ತೆಗೆದಳು.

"ಅಂಕಲ್, ಈಗ ಬರೀರಿ. ನಾವು ಏನೂ ಸೇರಿಸಲ್ಲ."

ಪರದೆ ಬರಿದಾಗಿತ್ತು. ಕಾದರು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿತು. ಒಂದೆರಡು ಗೆರೆ ಅಲುಗಿದವು. ಅಕ್ಷರ ಆಗಲಿಲ್ಲ.

"ಸೂಜಿಗಳ ಸುತ್ತ ಪೊರೆ ಕಟ್ಟಿರಬೇಕು," ಎಂದರು ಪ್ರೊಫೆಸರು. ಈ ತಿಂಗಳುಗಳಲ್ಲಿ ಅವರ ಭುಜ ಇಳಿದುಹೋಗಿತ್ತು. "ಮಿದುಳು ಹೊರಗಿನ ವಸ್ತುವನ್ನ ಎಷ್ಟು ಕಾಲ ಅಂತ ಸಹಿಸುತ್ತೆ? ಸಿಗ್ನಲ್ಲು ಒಳಗೇ ಉಳಿದುಹೋಗುತ್ತೆ."

"ಇಲ್ಲಾ, ಅಂಕಲ್ ಬರೀತಾನೇ ಇಲ್ಲ," ಎಂದಳು ಹುಡುಗಿ.

"ಎರಡರಲ್ಲಿ ಯಾವುದು ಅಂತ ಹೇಗೆ ಹೇಳ್ತೀಯ?" ಇನ್ಸ್‌ಪೆಕ್ಟ್ರಮ್ಮ ಕೇಳಿದರು.

"ಹೇಳೋಕಾಗಲ್ಲ ಮೇಡಂ."

ಹುಡುಗಿ ಮುಖ ತೊಳೆಯಲು ಹೊರಗೆ ಹೋದಳು. ಪ್ರೊಫೆಸರೂ ಹೋದರು. ತಮ್ಮ ಈ ಸಲ ಬಾಗಿಲು ದಾಟಿ ಒಳಗೆ ಬಂದಿದ್ದ. ಅಣ್ಣನ ಕೈಯನ್ನು ಒಂದು ಬೆರಳಿನಿಂದ ಮುಟ್ಟಿ, ಹಾಗೇ ತಿರುಗಿ ಹೋದ.

ಹೆಂಡತಿ ಹಾಸಿಗೆಯ ಮೇಲೆ ಬಾಗಿದಳು. ಗಂಡನ ಕಿವಿಯ ಹತ್ತಿರ ಬಾಯಿಟ್ಟಳು.

"ಆಯ್ತು ರೀ," ಎಂದಳು. "ಯಾವುದೇ ಆಗಿರಲಿ. ನೀವು ಏನು ಹೇಳಬೇಕು ಅಂದ್ಕೊಂಡಿದ್ರೋ, ಅದಕ್ಕೆ ಆಯ್ತು."

ಆಕೆ ನೆಟ್ಟಗಾಗಿ, ಅವನ ಮುಖವನ್ನು ನೋಡುತ್ತಾ ನಿಂತಳು. ಇನ್ಸ್‌ಪೆಕ್ಟ್ರಮ್ಮನೂ ನೋಡಿದರು. ಮುಖ ನೋಡಿ ಮನಸ್ಸಿನಲ್ಲಿದ್ದದ್ದು ಹೇಳುತ್ತಾರೆ ಎಂದು ಇಲಾಖೆಯಲ್ಲಿ ಹೆಸರು ಮಾಡಿದವರು. ಹುಬ್ಬು, ತುಟಿ, ಅರೆ ತೆರೆದ ಕಣ್ಣು. ಅಲ್ಲಿ ಏನೂ ಕದಲಲಿಲ್ಲ.

"ಕೇಳಿಸಿರುತ್ತೆ ಅಂತೀರಾ ಮೇಡಂ?"

ಹೂಂ ಅನ್ನಬೇಕೆಂದುಕೊಂಡರು ಇನ್ಸ್‌ಪೆಕ್ಟ್ರಮ್ಮ. ಅದೂ ಊಹೆಯೇ ಆಗುತ್ತಿತ್ತು.